ಎರ್ರೆಮ್ಮ ತೆರೆಯದ ಗೇಟು

ಬೆಳಗಿನ ಐದೂವರೆ. ಬುಕ್ಕಸಾಗರದ ಗದ್ದೆಗಳ ಮೇಲೆ ಮಂಜು ಇನ್ನೂ ಕರಗಿಲ್ಲ. ಊರಾಚೆಯ ತಗಡಿನ ದೊಡ್ಡಿಯಲ್ಲಿ ಎರ್ರೆಮ್ಮ ಕುಕ್ಕರಗಾಲಲ್ಲಿ ಕೂತು, ಆಗಷ್ಟೇ ಹುಟ್ಟಿದ ಹಂದಿಮರಿಯ ಮೂಗು, ಬಾಯಿ ಒರೆಸುತ್ತಿದ್ದಾರೆ. ಇದು ಒಂಬತ್ತನೆಯದು. ಒರೆಸಿ ಬಿಟ್ಟ ಮರಿ ತೂರಾಡುತ್ತಾ ಹೋಗಿ ತಾಯಿಯ ಮೊಲೆ ಹುಡುಕಿಕೊಳ್ಳುತ್ತದೆ.

"ಎರಡು ದಿನದಾಗ ಒಂದೊಂದು ಮರಿ ಒಂದೊಂದು ಮೊಲೆ ಹಿಡೀತೈತ್ರಿ. ಹಾಲು ಬಿಡೋತನಕ ಅದು ಅದರದ್ದೇ. ಬ್ಯಾರೇದು ಬಂದ್ರ ಜಗಳ," ಎನ್ನುತ್ತಾ ಅವರು ಹತ್ತನೆಯದಕ್ಕೆ ಕೈ ಚಾಚುತ್ತಾರೆ.

ಐವತ್ತೆರಡರ ಎರ್ರೆಮ್ಮ ಹುಟ್ಟಿದ್ದು ಕಂಪ್ಲಿಯಲ್ಲಿ, ಹಂದಿ ಸಾಕುವ ಮನೆಯಲ್ಲೇ. ಆಗ ಹಂದಿಗಳು ಬೀದಿ ಸುತ್ತಿ ಹೊಟ್ಟೆ ಹೊರೆಯುತ್ತಿದ್ದವು. ಸಂಜೆ ಅವನ್ನು ಹುಡುಕಿ ತರುವುದು ಈ ಹುಡುಗಿಯ ಕೆಲಸ. ಹಂದಿಗೆ ಬೀಳುವ ಕಲ್ಲು ಒಮ್ಮೊಮ್ಮೆ ಅವಳಿಗೂ ಬೀಳುತ್ತಿತ್ತು. ಮದುವೆಯಾಗಿ ಬುಕ್ಕಸಾಗರಕ್ಕೆ ಬಂದ ಮೇಲೆ ಇಪ್ಪತ್ತು ವರ್ಷ ಭತ್ತದ ನಾಟಿಗೆ ಬಗ್ಗಿದರು. ಹನ್ನೊಂದು ವರ್ಷದ ಹಿಂದೆ ಹೊಸಪೇಟೆಯಲ್ಲಿ ಹಂದಿ ಸಾಕಾಣಿಕೆಯ ಮೂರು ದಿನದ ತರಬೇತಿ ನಡೆದಾಗ ಹೋಗಿ ಕೂತರು. ಬಂದವರಲ್ಲಿ ಹೆಂಗಸು ಅವರೊಬ್ಬರೇ.

ಈಗ ದೊಡ್ಡಿಯಲ್ಲಿ ನಾಲ್ಕು ತಾಯಿ ಹಂದಿ, ಒಂದು ಗಂಡು, ಮಾಂಸಕ್ಕೆಂದು ಬೆಳೆಯುತ್ತಿರುವ ಇಪ್ಪತ್ತಮೂರು ಮರಿಗಳಿವೆ. ಗಂಡ ಗಾದಿಲಿಂಗಪ್ಪ ಹಂಪಿ, ಹೊಸಪೇಟೆಯ ಹೋಟೆಲುಗಳಿಂದ ಉಳಿದ ಅನ್ನ, ತರಕಾರಿ ತರುತ್ತಾರೆ. ಕಂಪ್ಲಿಯ ಅಕ್ಕಿ ಗಿರಣಿಯಿಂದ ತೌಡು ಬರುತ್ತದೆ. ಹೋಟೆಲಿನ ತಿನಿಸನ್ನು ದೊಡ್ಡ ಹಂಡೆಯಲ್ಲಿ ಚೆನ್ನಾಗಿ ಕುದಿಸದೆ ಎರ್ರೆಮ್ಮ ಒಂದು ಹಿಡಿಯೂ ಹಾಕುವುದಿಲ್ಲ. ಮರಿಗೆ ಮೂರನೇ ದಿನ ಕಬ್ಬಿಣಾಂಶದ ಇಂಜೆಕ್ಷನ್. ಎರಡು ತಿಂಗಳಿಗೆ ಹಾಲು ಬಿಡಿಸುವುದು. ಎಂಟು ಒಂಬತ್ತು ತಿಂಗಳಿಗೆ ಎಂಬತ್ತು ಕಿಲೋ ದಾಟಿದರೆ ಮಾರಾಟ. ಹಂದಿಗೆ ಬೆವರುವುದು ಗೊತ್ತಿಲ್ಲ, ಹಾಗಾಗಿ ಬೇಸಿಗೆಯಲ್ಲಿ ದಿನಕ್ಕೆ ಮೂರು ಸಲ ಮೈಮೇಲೆ ನೀರು.

ತಾಯಿ ಹಂದಿಗಳಿಗೆಲ್ಲ ಹೆಸರಿದೆ. ಮಿಕ್ಕವಕ್ಕಿಲ್ಲ. "ಮಾಂಸಕ್ಕ ಹೋಗೋವಕ್ಕ ಹೆಸರು ಇಡಂಗಿಲ್ರಿ. ಇಟ್ರ ಕಳ್ಸೋದು ಭಾಳ ಕಷ್ಟ ಆಕ್ಕೈತಿ. ಇರೋ ತನಕ ಹೊಟ್ಟಿ ತುಂಬ ಹಾಕ್ತೀನಿ, ಮೈ ತೊಳೀತೀನಿ. ಅಷ್ಟು ನನ್ ಕೈಯಾಗೈತಿ."

ಎರ್ರೆಮ್ಮನಿಗೆ ಅತ್ಯಂತ ಕಷ್ಟದ ದಿನ ಬಂದದ್ದು ಮೂರು ವರ್ಷದ ಹಿಂದೆ. ಸಂಡೂರು ಕಡೆ ಆಫ್ರಿಕನ್ ಹಂದಿಜ್ವರ ಬಿದ್ದಿತ್ತು. ಮದ್ದಿಲ್ಲದ, ಲಸಿಕೆ ಸಿಗದ, ಮನುಷ್ಯರ ಚಪ್ಪಲಿಗೆ ಅಂಟಿಯೂ ಬರುವ ಜ್ವರ. ಅಲ್ಲಿನ ವಡ್ಡು ಎಂಬ ಊರಿನಲ್ಲಿದ್ದ ತಮ್ಮ ರಾಮಾಂಜಿನಿಯ ದೊಡ್ಡಿಯಲ್ಲಿ ನಾಲ್ಕು ದಿನದಲ್ಲಿ ಹನ್ನೆರಡು ಹಂದಿ ಸತ್ತವು. ಉಳಿದ ಎರಡು ತಾಯಿ ಹಂದಿಗಳನ್ನು ಲಗೇಜ್ ಆಟೋಗೆ ಹಾಕಿಕೊಂಡು ಅವನು ನೇರ ಅಕ್ಕನ ಗೇಟಿಗೆ ಬಂದ.

"ಅಕ್ಕ, ಇವೆರಡು ಚಲೋ ಅದಾವ. ನಿನ್ ಹತ್ರ ಇದ್ರ ಉಳೀತಾವ," ಅಂದ.

ಎರ್ರೆಮ್ಮ ಒಳಗಿನಿಂದಲೇ ನೋಡಿದರು. ಒಂದು ಹಂದಿಯ ಕಿವಿ ನೇರಳೆಗೆ ತಿರುಗಿತ್ತು; ಅದು ಆ ಜ್ವರದ ಗುರುತು. "ತಮ್ಮಾ, ಒಳಗ ತರಬ್ಯಾಡ. ನೀನೂ ಬರಬ್ಯಾಡ," ಅಂದರು. ಅವನು "ಗೇಟು ಹಾಕ್ಕೊಂಡು ನೀನೊಬ್ಬಾಕಿ ಬದುಕು" ಎಂದು ಆಟೋ ತಿರುಗಿಸಿದ. ಆ ಎರಡೂ ಹಂದಿ ಮರುದಿನ ಸತ್ತವು. ಅವನ ಆಟೋ ನಿಂತ ಜಾಗಕ್ಕೆ ಸುಣ್ಣ ಸುರಿಯುತ್ತಾ ಎರ್ರೆಮ್ಮ ಅತ್ತರು. ಅವರ ದೊಡ್ಡಿಯ ಹದಿನೆಂಟೂ ಉಳಿದವು.

ತಮ್ಮ ಒಂದು ವರ್ಷ ಮಾತು ಬಿಟ್ಟ. ಹಬ್ಬಕ್ಕೂ ಬರಲಿಲ್ಲ, ಫೋನೂ ಎತ್ತಲಿಲ್ಲ. ಎರ್ರೆಮ್ಮ ಮಾತ್ರ ಪಶುವೈದ್ಯ ಲಿಂಗರಾಜ್ ಅವರನ್ನು ತಿಂಗಳಿಗೊಮ್ಮೆ ಕೇಳುತ್ತಿದ್ದರು: ವಡ್ಡುವಿನ ಆ ಖಾಲಿ ದೊಡ್ಡಿಗೆ ಹೊಸ ಹಂದಿ ಯಾವಾಗ ಬಿಡಬಹುದು? ವೈದ್ಯರು ಹೂಂ ಅಂದ ವಾರವೇ ತಮ್ಮದೇ ದೊಡ್ಡಿಯ ಎರಡು ಒಳ್ಳೆಯ ಹೆಣ್ಣು ಮರಿಗಳನ್ನು ಆರಿಸಿ, ಗಂಡನ ಜೊತೆ ವಡ್ಡುವಿಗೆ ಹೊರಟರು.

ರಾಮಾಂಜಿನಿ ಬಾಗಿಲಿಗೆ ಬಂದ. ಅಕ್ಕನ ಮುಖ ನೋಡಲಿಲ್ಲ. ಒಂದು ಮರಿಯನ್ನು ಎತ್ತಿ ಕಣ್ಣು, ಕಿವಿ, ಹೊಟ್ಟೆ ಎಲ್ಲ ತಿರುಗಿಸಿ ನೋಡಿದ.

"ಜಂತಿನ ಔಷಧಿ ಹಾಕೀಯೇನು?"

"ಹಾಕೀನಿ."

"ಕುಂದ್ರು. ಚಾ ಮಾಡ್ಸ್ತೀನಿ."

ವರ್ಷದ ಮುನಿಸು ಅಲ್ಲಿಗೆ ಮುಗಿಯಿತು. ಆ ಎರಡು ಮರಿಗಳ ಸಂತಾನ ಈಗ ವಡ್ಡುವಿನ ದೊಡ್ಡಿಯ ತುಂಬ ಇದೆ. ಅಕ್ಕ-ತಮ್ಮ ಆ ಗೇಟಿನ ಮಾತು ಇವತ್ತಿನವರೆಗೂ ಎತ್ತಿಲ್ಲ. ಆದರೆ ರಾಮಾಂಜಿನಿಯ ದೊಡ್ಡಿಗೂ ಈಗ ಒಂದು ಗೇಟು ಬಂದಿದೆ. ಹೊರಗಿನವರು ಯಾರು ಬಂದರೂ ಅವನು ಹೊರಗೇ ನಿಲ್ಲಿಸಿ ಮಾತಾಡುತ್ತಾನೆ.

ಏಳು ಗಂಟೆಗೆ ಬಿಸಿಲೇರುತ್ತದೆ. ಹನ್ನೊಂದು ಮರಿಗಳೂ ಸಾಲಾಗಿ ಹಾಲು ಹೀರುತ್ತಿವೆ. ಎರ್ರೆಮ್ಮ ಕೈ ತೊಳೆದು ಬಂದು ಕಟ್ಟೆಯ ಮೇಲೆ ಕೂರುತ್ತಾರೆ. ಮುಂದೆ ಏನಾಸೆ ಅಂದರೆ, ಕಳೆದ ತಿಂಗಳು ಸಮೀಕ್ಷೆಗೆಂದು ಮನೆಮನೆಗೆ ಹೆಸರು ಬರೆದುಕೊಳ್ಳಲು ಬಂದವರ ಸುದ್ದಿ ಹೇಳುತ್ತಾರೆ.

"ಉದ್ಯೋಗ ಅನ್ನೋ ಜಾಗದಾಗ ಕೂಲಿ ಅಂತ ಬರದ್ರು. ಮಗಳು ಸುಧಾರಾಣಿ ಓದಿ ಹೇಳಿದ್ಲು. ಅಳಿಸ್ರಿ ಅಂದೆ. ಬರಿಯೋಕ ನಾಚ್ಕೊಂಡ್ರು ಪಾಪ. ನಾನೇ ಹೇಳಿ ಬರಸ್ದೆ, ಹಂದಿ ಸಾಕ್ತಾಳ ಅಂತ. ಇನ್ಮುಂದ ಬರೋರು ನಾ ಹೇಳದಲೇ ಹಂಗ ಬರಕೊಂಡ್ರ ಸಾಕ್ರಿ."