ಗುಡ್ಡವಿಲ್ಲದ ಕರೇಹಟ್ಟಿ

ನನ್ನ ಮದುವೆ ಮುರಿದುಬಿದ್ದದ್ದು ಒಂದು ಊರಿನ ಹೆಸರಿನಿಂದ. ಆ ಊರಾದರೂ ಇದ್ದಿದ್ದರೆ ಹೋಗಿ ಜಗಳವಾಡಿಕೊಂಡು ಬರಬಹುದಿತ್ತು. ಅದು ನಾನು ಹುಟ್ಟುವುದಕ್ಕೆ ಎಷ್ಟೋ ಮೊದಲೇ ಹಾಳುಬಿದ್ದು ಹೊಲವಾಗಿತ್ತು. ಇನ್ನೂ ಸಿಟ್ಟು ಬರಿಸುವ ಸಂಗತಿಯೆಂದರೆ, ಮರೆತೇಹೋಗಿದ್ದ ಆ ಊರನ್ನು ಹುಡುಕಿ ಮನೆಗೆ ತಂದವಳು ನಾನೇ.

ತೊಂಬತ್ತರ ದಶಕದ ಕೊನೆಯ ಮಾತಿದು. ನಾನಾಗ ಚಳ್ಳಕೆರೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತಿದ್ದೆ. ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದ ನಿವೃತ್ತ ಓವರ್ಸಿಯರ್ ಒಬ್ಬರು ಮನೆ ಖಾಲಿ ಮಾಡುವಾಗ ಟ್ರಂಕಿನಿಂದ ನಾಲ್ಕು ಹಳೆಯ ಟೋಪೋ ಶೀಟುಗಳನ್ನು ತೆಗೆದು ಕೊಟ್ಟರು. ಸ್ವಾತಂತ್ರ್ಯ ಬರುವುದಕ್ಕೂ ಮೊದಲಿನ ನಕ್ಷೆಗಳು. ಹಿಂದೆ ಬಟ್ಟೆ ಅಂಟಿಸಿದ್ದರಿಂದ ಮಡಿಕೆಯಲ್ಲಿ ಹರಿದಿರಲಿಲ್ಲ. "ಮಕ್ಕಳಿಗೆ ತೋರಿಸಮ್ಮ, ನನ್ನ ಹತ್ರ ಇದ್ರೆ ಇಲಿ ತಿನ್ನುತ್ತೆ" ಎಂದರು. ಮಕ್ಕಳಿಗೆ ತೋರಿಸುವ ಮೊದಲು ನಾನೇ ಅದರೊಳಗೆ ಬಿದ್ದೆ.

ನೆಲದ ಮೇಲಿನ ಒಂದು ಮೈಲಿ ಆ ಹಾಳೆಯಲ್ಲಿ ಒಂದು ಅಂಗುಲ. ಕೆರೆ ನೀಲಿ, ಊರು ಕೆಂಪು ಚುಕ್ಕಿ, ಕಾಲುದಾರಿ ತುಂಡು ತುಂಡು ಗೆರೆ. ಎತ್ತರಕ್ಕೆ ಕಂದು ಬಣ್ಣದ ಗೆರೆಗಳು. ನಾವು ಪಾಠದಲ್ಲಿ ಸಮೋನ್ನತಿ ರೇಖೆ ಎಂದು ಬಾಯಿಪಾಠ ಮಾಡಿಸುತ್ತೇವಲ್ಲ, ಅವು. ಒತ್ತೊತ್ತಾಗಿ ಇದ್ದರೆ ಕಡಿದಾದ ಗುಡ್ಡ, ದೂರ ದೂರ ಇದ್ದರೆ ಬಯಲು. ಇಷ್ಟು ತಿಳಿದರೆ ಸಾಕು, ಹಾಳೆ ಮಾತಾಡಲು ಶುರುಮಾಡುತ್ತದೆ. ಇಲ್ಲಿ ಬಾವಿ ಇತ್ತು ಎನ್ನುತ್ತದೆ, ಹೋಗಿ ನೋಡಿದರೆ ಶೇಂಗಾ ಹೊಲ. ಇಲ್ಲಿ ಬಂಡಿದಾರಿ ಇತ್ತು ಎನ್ನುತ್ತದೆ, ಹೋಗಿ ನೋಡಿದರೆ ಜಾಲಿ ಮೆಳೆಯ ನಡುವೆ ಚಕ್ರ ಸವೆಸಿದ ಬಂಡೆ ಇನ್ನೂ ಹಾಗೆಯೇ ಕೂತಿದೆ. ಭಾನುವಾರ ಬಂತೆಂದರೆ ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತುತ್ತಿದ್ದೆ. "ಹೆಣ್ಣುಡುಗಿ ಕಾಗ್ದ ಹಿಡ್ಕಂಡು ಹೊಲ ಹೊಲ ತಿರುಗಿದ್ರೆ ಯಾರು ಮದುವೆ ಆಗ್ತಾರೆ?" ಎಂದು ಅವ್ವ ಬುತ್ತಿ ಕಟ್ಟುತ್ತಲೇ ಗೊಣಗುತ್ತಿದ್ದಳು.

ಹಾಗೆ ತಿರುಗುವಾಗಲೇ ನನ್ನಿವಾಳವೆಂಬ ಊರಿನ ಆಚೆ ಕರೇಹಟ್ಟಿ ಸಿಕ್ಕಿದ್ದು. ಹಟ್ಟಿಯೆಂದರೆ ದನ ಕಾಯುವ ನಮ್ಮ ಜನ ಮುಳ್ಳಿನ ಬೇಲಿ ಹಾಕಿ ಕಟ್ಟಿಕೊಳ್ಳುತ್ತಿದ್ದ ನೆಲೆ. ನಮ್ಮ ಮುತ್ತಾತನ ಕಾಲದವರು ಕರೇಹಟ್ಟಿಯಿಂದ ಎದ್ದುಬಂದವರೆಂದು ಮನೆಯಲ್ಲಿ ಒಂದು ಮಾತಿತ್ತು. ಎಲ್ಲಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ನಕ್ಷೆಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಆ ಹೆಸರು ಕಂಡಾಗ ನಾನು ಓಡಿಹೋಗಿ ದೊಡ್ಡಪ್ಪನಿಗೆ ಹೇಳಿದೆ. ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದರಿಂದ ನಮ್ಮ ಮನೆಗೆ ದೊಡ್ಡಪ್ಪನೇ ಯಜಮಾನ. ಯಾವುದನ್ನೂ ಒಂದೇ ಸಲಕ್ಕೆ ಒಪ್ಪುವ ಮನುಷ್ಯನಲ್ಲ. ಆದರೂ ಬಂದ. ಅಲ್ಲಿದ್ದದ್ದು ಕಪ್ಪು ಎರೆ ನೆಲ, ಒಡೆದ ಒಂದು ಒರಳು, ಮುಚ್ಚಿಹೋದ ಬಾವಿಯ ಗುರುತು, ಅಷ್ಟೆ. ದೊಡ್ಡಪ್ಪ ಚಪ್ಪಲಿ ಬಿಟ್ಟು ಆ ಹೊಲದಲ್ಲಿ ಬಹಳ ಹೊತ್ತು ನಿಂತಿದ್ದ. ಹೊತ್ತು ಮುಳುಗುವವರೆಗೂ ನಾವು ಅಲ್ಲೇ ಇದ್ದೆವು. ಅಂದಿನಿಂದ ಅವನು ಯಾರು ಸಿಕ್ಕರೂ "ನಮ್ದು ಮೂಲ ಕರೇಹಟ್ಟಿ" ಎನ್ನತೊಡಗಿದ. ನನಗೂ ಹೆಮ್ಮೆಯೇ ಆಗಿತ್ತು, ಸುಳ್ಳೇಕೆ ಹೇಳಲಿ.

ಎರಡು ವರ್ಷದ ಮೇಲೆ ಕೊಂಡ್ಲಹಳ್ಳಿ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗನಿಗೆ ದನದ ಆಸ್ಪತ್ರೆಯಲ್ಲಿ ಕೆಲಸ. ನನ್ನನ್ನು ನೋಡಲು ಬಂದವರೆಲ್ಲ ಅದುವರೆಗೆ ಅಡುಗೆ ಬರುತ್ತದಾ, ಸಂಬಳ ಎಷ್ಟು ಎಂದು ಕೇಳಿದವರೇ. ಇವನು ಗೋಡೆಗೆ ತೂಗುಹಾಕಿದ್ದ ನಕ್ಷೆಯ ಹತ್ತಿರ ಹೋಗಿ, "ಇದ್ರಾಗೆ ನಮ್ಮೂರು ಐತಾ?" ಎಂದು ಕೇಳಿದ. ಆ ಹಾಳೆಯಲ್ಲಿಲ್ಲ, ಬೇರೆ ಹಾಳೆಯಲ್ಲಿದೆ ಎಂದೆ. "ಹಂಗಾದ್ರೆ ಇನ್ನೊಂದು ಸಲ ಬರಬೇಕಾತು" ಎಂದು ನಕ್ಕ. ನನಗೆ ಅವನು ಇಷ್ಟವಾದ. ಇಪ್ಪತ್ತೆಂಟು ತುಂಬಿದ ಮೇಲೆ ಯಾರಾದರೂ ಇಷ್ಟವಾಗುತ್ತಾರೆ ಎಂಬ ಆಸೆಯನ್ನೇ ನಾನು ಬಿಟ್ಟುಬಿಟ್ಟಿದ್ದೆ.

ಮಾತುಕತೆಗೆ ಅವನ ಅಪ್ಪ ಬಂದರು. ಮನೆಯಲ್ಲಿ ತೆಲುಗು ಆಡುವ ಜನ, ಆದರೆ ನಮ್ಮೆದುರು ಅಪ್ಪಿತಪ್ಪಿಯೂ ಒಂದು ತೆಲುಗು ಮಾತು ಬಾರದಂತೆ ಅಚ್ಚುಕಟ್ಟಾಗಿ ಕನ್ನಡ ಆಡಿದರು. ಮಗಳನ್ನು ಎಲ್ಲಿಗೆ ಕೊಟ್ಟಿದ್ದೀರಿ ಎಂದು ಅವ್ವ ಕೇಳಿದಾಗ, "ಹೊಸೂರಿಗೆ ಕಣಮ್ಮ, ಗಡಿ ಆಚೆ" ಎಂದರು. ದೊಡ್ಡಪ್ಪನಿಗೆ ಮನುಷ್ಯ ಬಹಳ ಹಿಡಿಸಿಬಿಟ್ಟ. ಎಲೆ ಅಡಿಕೆ ಬದಲಾಯಿಸುವ ಮೊದಲೇ "ಬೀಗ್ರೇ, ಬೀಗ್ರೇ" ಎಂದು ಶುರುಮಾಡಿದ್ದ. ದನದ ಮಾತು, ಮಳೆಯ ಮಾತು, ಹಳೇ ಕಾಲದ ಮಾತು ಆಯಿತು. ಅವರು ತಾವು ಹುಟ್ಟಿದ ಹಟ್ಟಿಯ ವಿಷಯ ತೆಗೆದರು.

"ಸಣ್ಣೋನಿದ್ದಾಗ್ಲೇ ಬಿಟ್ಟು ಬಂದ್ವಿ ಬೀಗ್ರೇ. ಜಡ್ಡು ಬಂದು ಜನ ಸತ್ರು. ಆಮೇಲೆ ದನದ ಹಿಂದೆ ಎಲ್ಲೆಲ್ಲೋ ಇದ್ದು, ಕೊನೀಗೆ ಈ ಕಡೆ ನಿಂತ್ವಿ. ಆ ಹಟ್ಟಿ ಯಾವ ದಿಕ್ಕಿಗೈತೆ ಅನ್ನೋದೂ ನಂಗೆ ಗೊತ್ತಿಲ್ಲ. ಹೊತ್ತು ಮುಳುಗೋಕೆ ಮುಂಚೇನೇ ಗುಡ್ಡದ ನೆರಳು ಹಟ್ಟಿ ಮ್ಯಾಲೆ ಬೀಳ್ತಿತ್ತು, ದನ ಬೇಗ ಬರ್ತಿದ್ವು. ಅಷ್ಟೇ ನೆನಪು."

"ಹೆಸರೇನು ಹಟ್ಟೀದು?" ಎಂದ ದೊಡ್ಡಪ್ಪ.

"ಕರೇಹಟ್ಟಿ."

ದೊಡ್ಡಪ್ಪ ಲೋಟ ಕೆಳಗಿಟ್ಟ. ನಮ್ಮಲ್ಲಿ ಒಂದೇ ಹಟ್ಟಿಯಿಂದ ಒಡೆದುಬಂದ ಮನೆಗಳವರು ಅಣ್ಣತಮ್ಮಂದಿರು. ಹೆಣ್ಣು ಕೊಡುವಂತಿಲ್ಲ, ತರುವಂತಿಲ್ಲ. ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೂ ಒಂದು ಮಾತು ಆಡಲು ಜಾಗ ಸಿಗುತ್ತಿತ್ತೇನೋ. ಆಮೇಲೆ ದೊಡ್ಡಪ್ಪ ಅವರನ್ನು ಬಸ್‌ಸ್ಟ್ಯಾಂಡಿಗೆ ಬಿಡಲು ಎದ್ದಾಗ, "ಬಾರಣ್ಣ" ಎಂದ. ಬೀಗರು ಹೋಗಿ ಅಣ್ಣ ಬಂದಿದ್ದರು. ಹುಡುಗನ ಅಪ್ಪ ದೊಡ್ಡಪ್ಪನಿಗೆ ಅಣ್ಣನಾದರೆ ಹುಡುಗ ನನಗೆ ಅಣ್ಣ.

ಅವ್ವ ಒಳಗೆ ಬಂದು, "ನಿನ್ನ ಕಾಗ್ದಾನೆ ನಿನ್ನ ಮದುವೆ ಕೆಡಿಸ್ತು ನೋಡು" ಎಂದಳು. ನಾನು ಗೋಡೆಯ ಮೇಲಿನ ನಕ್ಷೆ ಬಿಚ್ಚಿ ಮಡಿಸಿ ಟ್ರಂಕಿಗೆ ಹಾಕಿ, ಟ್ರಂಕನ್ನು ಕಾಲಿನಿಂದ ಮಂಚದ ಕೆಳಗೆ ತಳ್ಳಿದೆ. ಟ್ರಂಕಿಗೇನೂ ಆಗಲಿಲ್ಲ, ನನ್ನ ಹೆಬ್ಬೆರಳು ಊದಿಕೊಂಡಿತು.

ಒಂದು ವಾರ ಮುಖ ಗಂಟಿಕ್ಕಿಕೊಂಡೇ ಇದ್ದೆ. ಮಕ್ಕಳು ಕೂಡ ತರಗತಿಯಲ್ಲಿ ಹುಷಾರಾಗಿದ್ದರು. ಆ ವಾರ ಒಂಬತ್ತನೇ ತರಗತಿಗೆ ಸಮೋನ್ನತಿ ರೇಖೆಯ ಪಾಠ ಬಂತು. ಬೋರ್ಡಿನ ಮೇಲೆ ಗುಡ್ಡದ ಗೆರೆ ಬರೆದು, ಸಂಜೆ ಇದರ ನೆರಳು ಯಾವ ಕಡೆ ಬೀಳುತ್ತದೆ ಎಂದು ಕೇಳಿದೆ. ಪೂರ್ವಕ್ಕೆ ಎಂದರು. ಕೈಯಲ್ಲಿದ್ದ ಸೀಮೆಸುಣ್ಣ ಹಾಗೆಯೇ ನಿಂತಿತು. ಗುಡ್ಡದ ನೆರಳು. ನಮ್ಮ ಕರೇಹಟ್ಟಿಯಲ್ಲಿ ಗುಡ್ಡ ಎಲ್ಲಿತ್ತು?

ಮನೆಗೆ ಬಂದವಳೇ ಟ್ರಂಕು ಎಳೆದೆ. ಚಳ್ಳಕೆರೆಯ ಹಾಳೆಯನ್ನು ನೆಲಕ್ಕೆ ಹಾಸಿ ಮೂಲೆಗಳ ಮೇಲೆ ತಂಬಿಗೆ, ಚೆಂಬು ಇಟ್ಟೆ. ಕರೇಹಟ್ಟಿಯ ಸುತ್ತ ಕಂದು ಗೆರೆ ಒಂದೂ ಇರಲಿಲ್ಲ. ಬೆರಳು ಪಶ್ಚಿಮಕ್ಕೆ ಎಷ್ಟು ದೂರ ಹೋದರೂ ಬರೀ ಬಯಲು. ಅಲ್ಲಿ ಸಂಜೆ ಬೀಳುವ ನೆರಳು ನಮ್ಮದು ಮಾತ್ರ. ಹಾಗಾದರೆ ಅವರ ಹಟ್ಟಿ ಬೇರೆಲ್ಲೋ ಇದೆ, ಗುಡ್ಡದ ಪೂರ್ವಕ್ಕೆ.

ಮೊಳಕಾಲ್ಮೂರಿನ ಹಾಳೆಯನ್ನು ಅದುವರೆಗೆ ನಾನು ಸರಿಯಾಗಿ ಬಿಚ್ಚಿಯೇ ಇರಲಿಲ್ಲ. ಅದರ ತುಂಬ ಗುಡ್ಡ. ಗುಡ್ಡ ಗುಡ್ಡಕ್ಕೂ ಪೂರ್ವದ ಮಗ್ಗುಲನ್ನು ಬೆರಳಿನಿಂದ ಸವರುತ್ತ ಹೋದೆ. ಕರೇಹಟ್ಟಿ ಎಂಬ ಹೆಸರು ಎಲ್ಲೂ ಇಲ್ಲ. ಸುಮ್ಮನೆ ಕಣ್ಣು ಗಡಿಯ ಆಚೆ ಹೋಯಿತು. ಅಲ್ಲಿ ಅವರು ಮಗಳನ್ನು ಕೊಟ್ಟಿದ್ದ ಹೊಸೂರನ್ನು ಹುಡುಕಿದೆ. ಅದೂ ಇಲ್ಲ. ಒಂದು ಕೊತ್ತೂರು ಇತ್ತು.

ಕೊತ್ತ ಎಂದರೆ ತೆಲುಗಿನಲ್ಲಿ ಹೊಸದು. ಸಂತೆಯಲ್ಲಿ ಕಲಿತ ತೆಲುಗು ನನ್ನದು, ಅಷ್ಟಕ್ಕೆ ಸಾಕಿತ್ತು. ಮಗಳನ್ನು ಕೊಟ್ಟ ಕೊತ್ತೂರನ್ನೇ ಆ ಮನುಷ್ಯ ನಮಗೆ ಅರ್ಥವಾಗಲಿ ಎಂದು ಹೊಸೂರು ಮಾಡಿ ಹೇಳಿದ್ದರು. ಹಾಗಾದರೆ ಕರೇಹಟ್ಟಿ? ಮತ್ತೆ ಗುಡ್ಡಗಳಿಗೆ ಬಂದೆ. ಕೊಂಡ್ಲಹಳ್ಳಿಯಿಂದ ನಡೆದುಹೋಗುವಷ್ಟು ದೂರದಲ್ಲಿ, ಒತ್ತೊತ್ತು ಗೆರೆಗಳ ಒಂದು ಗುಡ್ಡದ ಪೂರ್ವಕ್ಕೆ, ಒಂದು ಕೆಂಪು ಚುಕ್ಕಿ, ಒಂದು ಬಾವಿ. ಹೆಸರು ನಲ್ಲಹಟ್ಟಿ. ನಲ್ಲ ಎಂದರೆ ಕರಿ. ನಾನು ನೆಲದ ಮೇಲೆ ಕೂತಲ್ಲೇ ಒಬ್ಬಳೇ ನಗತೊಡಗಿದೆ. ಅವ್ವ ಬಾಗಿಲಿಗೆ ಬಂದು ನೋಡಿ, ಹೆದರಿ, ನೀರು ತಂದುಕೊಟ್ಟಳು.

ದೊಡ್ಡಪ್ಪ ಒಪ್ಪಲಿಲ್ಲ. "ಅವರ ಬಾಯಿಂದಾನೆ ಬಂದೈತೆ ಕಣವ್ವ. ನೀನು ಕಾಗ್ದ ತೋರಿಸಿ ಇಲ್ಲ ಅಂದ್ರೆ ಹೆಂಗೆ?"

"ಕಾಗದ ಬಿಡು ದೊಡ್ಡಪ್ಪ. ಅವತ್ತು ಕರೇಹಟ್ಟಿಯಾಗೆ ನೀನೇ ಇದ್ದೆಯಲ್ಲ, ಹೊತ್ತು ಎಲ್ಲಿ ಮುಳುಗ್ತು?"

"ಹೊಲದ ಅಂಚಿಗೆ" ಎಂದ. ಸ್ವಲ್ಪ ಹೊತ್ತು ಎಲೆ ಅಡಿಕೆ ಅಗಿದ. "ಗುಡ್ಡ ಇರ್ಲಿಲ್ಲ" ಎಂದ. ಮತ್ತೆ ಅಗಿದ. ಕೊನೆಗೆ, "ಭಾನುವಾರ ಹೋಗಾಣ. ಬಾಯಿ ನಾನು ಬಿಡಲ್ಲ, ನೀನೇ ಕೇಳು" ಎಂದ.

ಕೊಂಡ್ಲಹಳ್ಳಿಯಲ್ಲಿ ಬಸ್ಸಿಳಿದು ಅವರ ಮನೆಗೆ ಹೋದೆವು. "ಬಾ ತಮ್ಮ" ಎಂದು ಅವರು ದೊಡ್ಡಪ್ಪನ ಕೈ ಹಿಡಿದರು. ಮಗ ಚಾಪೆ ಹಾಸಿ ಬಾಗಿಲ ಹತ್ತಿರ ನಿಂತ. ನಾನು ಅವನ ಕಡೆ ನೋಡಲಿಲ್ಲ. ನೋಡಿದರೆ ಅಣ್ಣನೆಂದು ನೋಡಬೇಕಿತ್ತು, ಅದು ನನ್ನಿಂದ ಆಗುವ ಕೆಲಸವಲ್ಲ. ಅವನ ಅಪ್ಪನನ್ನೂ ಏನೆಂದು ಕರೆಯಬೇಕೋ ತಿಳಿಯದೆ, ಏನೂ ಕರೆಯದೆ, ನಿಮ್ಮ ಹಳೇ ಹಟ್ಟಿಯ ಹೆಸರೇನೆಂದು ನನ್ನ ಹರಕು ತೆಲುಗಿನಲ್ಲಿ ಕೇಳಿಬಿಟ್ಟೆ: "ಮೀ ಪಾತ ಹಟ್ಟಿ ಪೇರು ಏಮಿ?"

"ನಲ್ಲಹಟ್ಟಿ" ಎಂದರು, ತಡವರಿಸದೆ.

ದೊಡ್ಡಪ್ಪ ಮುಂದಕ್ಕೆ ಬಗ್ಗಿದ. "ಅಲ್ಲಣ್ಣ, ಅವತ್ತು ಕರೇಹಟ್ಟಿ ಅಂದ್ಯಲ್ಲ?"

"ಹೌದು ತಮ್ಮ. ನೀನು ಕನ್ನಡದಾಗೆ ಕೇಳ್ದೆ, ನಾನೂ ಕನ್ನಡದಾಗೆ ಹೇಳ್ದೆ. ಈ ಹುಡುಗಿ ತೆಲುಗಿನಾಗೆ ಕೇಳ್ತು, ತೆಲುಗಿನಾಗೆ ಹೇಳ್ದೆ. ಅದ್ರಾಗೇನು ತಪ್ಪು?"

ಬಾಗಿಲ ಹತ್ತಿರ ಯಾರೋ ನಗು ತಡೆಯಲು ಕೆಮ್ಮಿದ ಸದ್ದಾಯಿತು. ದೊಡ್ಡಪ್ಪ ಮಾತ್ರ ನಗಲಿಲ್ಲ. ಹೆಸರು ಎರಡಾದ ಮಾತ್ರಕ್ಕೆ ಹಟ್ಟಿ ಎರಡಾಗುವುದಿಲ್ಲ, ನಮ್ಮ ಕರೇಹಟ್ಟಿಯನ್ನೇ ಇವರು ನಲ್ಲಹಟ್ಟಿ ಎನ್ನುತ್ತಿದ್ದರೆ ಎಂಬುದು ಅವನ ವಾದ. ಎದ್ದು ನಿಂತು, "ತೋರಿಸವ್ವ, ಎಲ್ಲೈತೆ" ಎಂದ.

ನಾಲ್ವರೂ ನಡೆದೆವು. ನಕ್ಷೆ ಹಿಡಿದು ನಾನು ಮುಂದೆ. ಮಗ ಒಂದೆರಡು ಸಲ ಹಳ್ಳದ ಗುರುತು ತೋರಿಸಿ ದಾರಿ ಸರಿಮಾಡಿದ. ಕಪ್ಪು ಬಂಡೆಗಳ ಗುಡ್ಡವೊಂದು ಎದುರಾಯಿತು, ಅದರ ಪೂರ್ವಕ್ಕೆ ಕುರುಚಲು ಗಿಡ ಬೆಳೆದ ನೆಲ. ಬಾವಿ ಇರಬೇಕಾದಲ್ಲಿ ಬಾವಿ ಇತ್ತು, ಜಾಲಿಯಿಂದ ಅರ್ಧ ಮುಚ್ಚಿಹೋಗಿ. ಆದರೆ ಅವನ ಅಪ್ಪ ಆ ಜಾಗದಲ್ಲೆಲ್ಲ ಓಡಾಡಿ, ಬಾವಿಗೆ ಇಣುಕಿ, ತಲೆ ಅಲ್ಲಾಡಿಸಿದರು. "ನಂಗೆ ಒಂದೂ ಗುರುತು ಸಿಗ್ತಿಲ್ಲ" ಎಂದರು. ದೊಡ್ಡಪ್ಪ ನನ್ನ ಮುಖ ನೋಡಿದ.

"ಸ್ವಲ್ಪ ಕೂತ್ಕಳಾಣ" ಎಂದೆ. "ಸಂಜೆ ಆಗ್ಲಿ."

ಕೂತೆವು. ಇಬ್ಬರು ಹಿರಿಯರೂ ಒಂದು ಬಂಡೆಯ ಮೇಲೆ, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು. ಬಿಸಿಲು ಇನ್ನೂ ಚುರುಗುಟ್ಟುತ್ತಿತ್ತು. ಆಚೆಯ ಹೊಲಗಳೆಲ್ಲ ಬೆಳಕಿನಲ್ಲಿದ್ದಾಗಲೇ ಗುಡ್ಡದ ಬುಡದಿಂದ ನೆರಳು ಹೊರಟಿತು. ಬಾವಿ ದಾಟಿತು, ಬಂಡೆಗೆ ಬಂತು, ಇಬ್ಬರ ಕಾಲ ಮೇಲೂ ಹತ್ತಿತು. ಅವನ ಅಪ್ಪ ತಮ್ಮ ಪಾದ ನೋಡಿಕೊಂಡರು. ಆಮೇಲೆ ಹಿಂದೆ ತಿರುಗಿ ಗುಡ್ಡ ನೋಡಿದರು.

"ಇದೇ" ಎಂದರು. "ಈಗ ನಮ್ಮಮ್ಮ ದನ ಬಂದ್ವೇನೋ ನೋಡು ಅಂತಿದ್ಲು." ಅಷ್ಟು ಹೇಳಿ ಟವಲಿನಿಂದ ಕಣ್ಣೊರೆಸಿಕೊಂಡರು. ಮನೆಯಿಂದ ಇಷ್ಟು ಹತ್ತಿರದಲ್ಲಿ ತಾವು ಹುಟ್ಟಿದ ನೆಲ ಇತ್ತೆಂದು ಅವರಿಗೆ ಅಷ್ಟು ವರ್ಷವೂ ಗೊತ್ತಿರಲಿಲ್ಲ.

ದೊಡ್ಡಪ್ಪ ಗುಡ್ಡವನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. ನಮ್ಮ ಬಯಲನ್ನು ಕಣ್ಣಾರೆ ಕಂಡು ಬಂದವನು ಅವನು; ಇನ್ನು ವಾದಕ್ಕೆ ಏನೂ ಉಳಿದಿರಲಿಲ್ಲ. ಎದ್ದು ಪಂಚೆ ಕೊಡವಿಕೊಂಡ.

"ಏಳ್ರಿ ಬೀಗ್ರೇ" ಎಂದ, "ಬಸ್ಸು ಹೋಗ್ತೈತೆ."

ಅವನಿಗೆ ಅದು ಬಸ್ಸಿನ ಮಾತು. ನನಗೆ ಕೇಳಿಸಿದ್ದು ಬೀಗರೆಂಬ ಮಾತು. ನಕ್ಷೆ ಮಡಿಸುವ ನೆಪದಲ್ಲಿ ಕೂತೇ ಇದ್ದೆ. ಅದು ಎಷ್ಟು ಮಡಿಸಿದರೂ ಹಳೆಯ ಮಡಿಕೆಗೆ ಕೂರಲಿಲ್ಲ. ಹುಡುಗ ಬಂದು ಇನ್ನೊಂದು ತುದಿ ಹಿಡಿದುಕೊಂಡ. ಆಗ ಅವನ ಮುಖ ನೋಡಿದೆ, ಚೆನ್ನಾಗಿಯೇ ನೋಡಿದೆ. ಅವನ ಅಪ್ಪನ ಹೆಗಲಿಗೆ ನೀರಿನ ಬಾಟಲಿಯ ಚೀಲ ಇತ್ತು.

"ಮಾವ," ಎಂದೆ, "ಒಂದೀಟು ನೀರು ಕೊಡ್ರಿ."