ಕೋಡಿ ಬಿದ್ದ ದಿನದ ತಮಟೆ

ಬೆಳಗ್ಗೆ ಊರಿನ ವಾಟ್ಸಾಪ್ ಗ್ರೂಪಿಗೆ ಒಂದು ವಿಡಿಯೊ ಬಂತು. ರಾಮಗಿರಿ ಕಡೆಯ ನಮ್ಮೂರ ಕೆರೆ ತುಂಬಿ ಕೋಡಿಯ ಮೇಲೆ ನೀರು ಹರಿಯುತ್ತಿತ್ತು. ‘ಕೋಡಿ ಬಿತ್ತು, ಎಲ್ಲರಿಗೂ ಶುಭಾಶಯ’ ಎಂದು ಕೆಳಗೆ ಹೂವಿನ ಚಿತ್ರಗಳು. ನನ್ನ ಕೈ ತಾನಾಗಿಯೇ ರಾಗಿಹಿಟ್ಟಿನ ಡಬ್ಬಿಯನ್ನು ಎತ್ತಿ ಅಟ್ಟದ ಮೇಲಿಟ್ಟಿತು. ನಾನಿರುವುದು ಚಿತ್ರದುರ್ಗದಲ್ಲಿ, ಮೂರನೇ ಮಹಡಿಯಲ್ಲಿ. ಇಲ್ಲಿಗೆ ನೀರು ನುಗ್ಗಬೇಕಾದರೆ ಅರ್ಧ ದುರ್ಗವೇ ಮುಳುಗಬೇಕು.

ನಮ್ಮ ಸೀಮೆಯಲ್ಲಿ ಕೋಡಿ ಬಿತ್ತೆಂದರೆ ಸಿಹಿಸುದ್ದಿ. ಎಷ್ಟೋ ವರ್ಷಕ್ಕೊಮ್ಮೆ ಕೆರೆ ತುಂಬಿದಾಗ ಊರೊಳಗೆ ಹೋಳಿಗೆಯ ಹೂರಣ ಬೇಯುತ್ತಿತ್ತು. ಆದರೆ ನಮ್ಮ ಕೇರಿ ಇದ್ದದ್ದು ಕೋಡಿಹಳ್ಳದ ದಂಡೆಯಲ್ಲಿ. ಎತ್ತರದ ಜಾಗವೆಲ್ಲ ಊರವರಿಗೆ ಹೋದಮೇಲೆ ನಮ್ಮ ಹಿರಿಯರಿಗೆ ಉಳಿದದ್ದು ಅದೇ. ಚಿಕ್ಕಪ್ಪ ನಗುತ್ತಲೇ ಹೇಳುತ್ತಿದ್ದ: “ಮೇಲ್ಗಡೆ ಕೋಡಿ ಬಿದ್ರೆ, ಕೆಳಗಡೆ ಗ್ವಾಡೆ ಬೀಳ್ತೈತೆ.”

ಆಗಿನ್ನೂ ಚಿಕ್ಕವಳಾದ ನನಗಂತೂ, ಸುಳ್ಳೇಕೆ ಹೇಳಲಿ, ಅದು ಹಬ್ಬವೇ. ಕೇರಿಗೆ ಕೇರಿಯೇ ದಿಬ್ಬದ ಮೇಲಿನ ಶಾಲೆಗೆ ಹೋಗಿ ಇಳಿಯುತ್ತಿತ್ತು. ಪಾಠವಿಲ್ಲ, ಮೇಷ್ಟ್ರ ಕುರ್ಚಿಯ ಮೇಲೆ ನಮ್ಮನೆ ಕೋಳಿ! ಒಂದೇ ಹಂಡೆಯಲ್ಲಿ ಎಲ್ಲರಿಗೂ ಹುರುಳಿಕಾಳಿನ ಸಾರು. ಆ ರುಚಿ ಮತ್ತೆ ಸಿಕ್ಕಿಲ್ಲ ನೋಡಿ.

ಚಿಕ್ಕಪ್ಪ ಮಾತ್ರ ಉಣ್ಣಲು ಇರುತ್ತಿರಲಿಲ್ಲ. ಗಂಗೆಪೂಜೆಗೆ ಕೆರೆ ಏರಿಯ ಮೇಲೆ ತಮಟೆ ಬಡಿಯುವುದು ಅವನ ಪಾಲಿನ ಕೆಲಸ. ಒಂದು ವರ್ಷ ಬಾಗಿನ ಬಿಡುವ ಹೊತ್ತಿಗೇ ತಮಟೆಯ ಪೆಟ್ಟು ಬದಲಾಯಿತಂತೆ.

“ಲೇ, ಅದು ಸಾವಿನ ಪೆಟ್ಟು! ಯಾಕ್ ಬಡಿತೀಯಲೇ?” ಎಂದು ಗೌಡರು ಗದರಿದರು.

ಚಿಕ್ಕಪ್ಪ ಕೈ ನಿಲ್ಲಿಸಲಿಲ್ಲ. ಕೆಳಗೆ ಕೇರಿಯ ಕಡೆ ನೋಡುತ್ತಾ, “ನಮ್ಮನೆ ಹೋತು ಗೌಡ್ರೆ,” ಅಂದ.

ಅಜ್ಜಿ ಕೈಯಾರೆ ಮೆತ್ತಿದ್ದ ಮಣ್ಣಿನ ಗೋಡೆ ನೀರಿನಲ್ಲಿ ಕುಸಿದಿತ್ತು. ಪೂಜೆ ಮುಗಿಯುವವರೆಗೂ ಅದೇ ಪೆಟ್ಟು ನಡೆಯಿತು. ಆಮೇಲೆ ಮನೆಯೂ ಅದೇ ಜಾಗದಲ್ಲಿ ಎದ್ದಿತು. ಬೇರೆ ಜಾಗ ಕೊಡುವವರು ಯಾರು?

ಶಾಲೆಯ ಆ ದಿನಗಳನ್ನು ನಾನು ಮಗಳಿಗೆ ಕಥೆ ಮಾಡಿ ಹೇಳುವುದುಂಟು. ಇವತ್ತೂ ಅದೇ ಹುರುಪಿನಲ್ಲಿ ಚಿಕ್ಕಪ್ಪನಿಗೆ ಫೋನ್ ಮಾಡಿದೆ.

“ಎಲ್ಲಿದೀಯ ಚಿಕ್ಕಪ್ಪ?”

“ಇನ್ನೆಲ್ಲವ್ವ, ಸ್ಕೂಲಾಗೆ. ಎಲ್ರೂ ಇಲ್ಲೇ ಅದೀವಿ.”

ಅವನ ಹಿಂದೆ ಮಕ್ಕಳ ಗಲಾಟೆ, ನಗು. ನನ್ನ ಬಾಲ್ಯದ್ದೇ ಸದ್ದು. ಹಳೆಯ ಕಾಲ ಎಂದು ನಾನು ಸವಿಯುತ್ತಾ ಕೂತದ್ದು ಅಲ್ಲಿ ಇನ್ನೂ ಮುಗಿದೇ ಇರಲಿಲ್ಲ.

“ಬರ್ತೀನಿ ಇರು,” ಅಂದೆ.

“ಬಾರವ್ವ. ಬರುವಾಗ ಒಣಗಿರೋ ಕಂಬಳಿ ಇದ್ರೆ ತಗಂಡ್ ಬಾ. ನಿಮ್ಮ ಚಿಕ್ಕಮ್ಮ ನಡುಗ್ತಾ ಅವ್ಳೆ.”