ಬೊಮ್ಮಕ್ಕ ಬಡಿಸಿದ ಎರಡನೇ ರೊಟ್ಟಿ

ಜಗಳೂರು ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಬೀದಿದೀಪ ಇನ್ನೂ ಆರಿಲ್ಲ. ನಿರ್ಮಲಮ್ಮನವರ ಖಾನಾವಳಿಯ ಹಿಂಬಾಗಿಲಿನಿಂದ ಆಗಲೇ ಪಟ್ ಪಟ್ ಸದ್ದು ಶುರುವಾಗಿದೆ. ಒಳಗೆ ಬೊಮ್ಮಕ್ಕ ರೊಟ್ಟಿ ಬಡಿಯುತ್ತಿದ್ದಾರೆ. ಜೋಳದ ಹಿಟ್ಟಿನ ಉಂಡೆ ಅವರ ಅಂಗೈ ಕೆಳಗೆ ಸುತ್ತುತ್ತ ಸುತ್ತುತ್ತ ಅಗಲವಾಗುತ್ತದೆ, ಕಾದ ಹಂಚಿನ ಮೇಲೆ ಬೀಳುತ್ತದೆ, ಒದ್ದೆ ಬಟ್ಟೆಯಿಂದ ಮೈ ಒರೆಸಿಕೊಂಡು ಉಬ್ಬುತ್ತದೆ. ಮಧ್ಯಾಹ್ನದ ಹೊತ್ತಿಗೆ ಮುನ್ನೂರರ ಹತ್ತಿರ ಹತ್ತಿರ ರೊಟ್ಟಿ ಆಗಬೇಕು. ಮುಂಗೈ ತುಂಬಾ ಹಂಚು ತಾಗಿದ ಹಳೆಯ ಕಲೆಗಳಿವೆ. ಅವುಗಳ ಬಗ್ಗೆ ಕೇಳಿದರೆ, “ಬಳೆ ಹಾಕ್ಕಂಡ್ರೆ ಕಾಣಲ್ಲ ಬಿಡ್ರಿ” ಎನ್ನುತ್ತಾರೆ.

ಪಕ್ಕದಲ್ಲಿ ಶೇಂಗಾ ಚಟ್ನಿಪುಡಿ ಕುಟ್ಟುವ ವಿಜಯಶ್ರೀ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಮೊಬೈಲ್ ತೆಗೆಯುತ್ತಾರೆ. ಈ ಅಡುಗೆಮನೆಯ ಹೊಸ ಸುಪ್ರಭಾತ ಇದು. ಬೊಮ್ಮಕ್ಕ ತಾಯಿಯ ಪಾತ್ರ ಮಾಡಿರುವ ಕಿರುಚಿತ್ರವೊಂದು ಯೂಟ್ಯೂಬಿನಲ್ಲಿದೆ. ಅದನ್ನು ನೋಡಿದವರು ಬರೆದ ಅಭಿಪ್ರಾಯಗಳನ್ನು ವಿಜಯಶ್ರೀ ದಿನಾ ಓದಿ ಹೇಳಬೇಕು, ಏಕೆಂದರೆ ಬೊಮ್ಮಕ್ಕನಿಗೆ ಓದಲು ಬಾರದು.

“‘ಸೌಂಡ್ ಸರಿ ಇಲ್ಲ, ಮಾತಿಗಿಂತ ಬಸ್ಸಿನ ಹಾರ್ನೇ ಜೋರು’ ಅಂತ ಒಬ್ರು ಬರ್ದಾರೆ ಅಕ್ಕ.”

“ಬಸ್ ಸ್ಟ್ಯಾಂಡ್ ಹಿಂದೆ ಸಿನಿಮಾ ತೆಗುದ್ರೆ ಕೋಗಿಲೆ ಕೂಗ್ತೈತಾ? ಮುಂದಿಂದು ಓದು.”

“‘ಆ ಅಜ್ಜಿಗೆ ಆ್ಯಕ್ಟಿಂಗೇ ಬರಲ್ಲ.’”

ರೊಟ್ಟಿ ಬಡಿಯುವ ಕೈ ನಿಲ್ಲುತ್ತದೆ. “ಮೊನ್ನೇನೂ ಇದ್ನೇ ಓದಿದ್ದಲ್ಲ?”

“ಇದು ಬ್ಯಾರೆಯವ್ರು ಬರ್ದಿದ್ದು.”

ಹಂಚಿನ ಮೇಲಿನ ರೊಟ್ಟಿ ತಿರುಗಿಸುತ್ತ ಬೊಮ್ಮಕ್ಕ ದಿನಾ ಕೊನೆಗೆ ಕೇಳುವ ಪ್ರಶ್ನೆಯನ್ನೇ ಕೇಳುತ್ತಾರೆ. “ನ್ಯಾಮತಿ ಕಡಿಂದ ಏನಾರ ಬಂದೈತಾ?”

“ಇಲ್ಲಕ್ಕ.”

ಮತ್ತೆ ಪಟ್ ಪಟ್ ಶುರುವಾಗುತ್ತದೆ. ನ್ಯಾಮತಿಯಲ್ಲಿರುವುದು ಬೊಮ್ಮಕ್ಕನ ತಮ್ಮ ಓಬಳಪ್ಪ. ಆ ಒಬ್ಬ ಪ್ರೇಕ್ಷಕನ ಬಾಯಿಂದ ಒಂದು ಮಾತು ಬರಲಿ ಎಂದು ಈ ಹೆಣ್ಣುಜೀವ ಕಾಯುತ್ತಿದೆ. ಉಳಿದವರು ಹೊಗಳಿದರೂ ತೆಗಳಿದರೂ ಅವರಿಗೆ ರೊಟ್ಟಿಯ ಮೇಲಿನ ಹಿಟ್ಟು ಕೊಡವಿದಷ್ಟೇ ಸಲೀಸು. ಆ್ಯಕ್ಟಿಂಗ್ ಬರಲ್ಲ ಎಂಬ ಮಾತೊಂದು ಮಾತ್ರ ಮುಳ್ಳಿನಂತೆ ಒಳಗೇ ಉಳಿಯುತ್ತದೆ.

ಅರವತ್ತರ ಆಸುಪಾಸಿನ ಬೊಮ್ಮಕ್ಕ ಸಿನಿಮಾಕ್ಕೆ ಬಂದದ್ದು ತಮ್ಮದೇ ಬಾಯಿಯ ದೆಸೆಯಿಂದ. ಪೇಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಪರಶುರಾಮ್‌ಗೆ ಸಿನಿಮಾ ಹುಚ್ಚು. ಸ್ನೇಹಿತರನ್ನು ಕೂಡಿಸಿಕೊಂಡು, ಅಂಗಡಿಯಲ್ಲಿದ್ದ ಒಳ್ಳೆಯ ಫೋನಿನಲ್ಲೇ ಶೂಟಿಂಗ್ ಮಾಡುವುದೆಂದು ತೀರ್ಮಾನಿಸಿದ. ತಾಯಿ ಪಾತ್ರಕ್ಕೆ ಒಪ್ಪಿಕೊಂಡಿದ್ದ ನಾಟಕದ ಕಲಾವಿದೆ ಕೊನೆಯ ಗಳಿಗೆಯಲ್ಲಿ ಕೈಕೊಟ್ಟರು. ತಲೆ ಮೇಲೆ ಕೈಹೊತ್ತುಕೊಂಡು ಖಾನಾವಳಿಗೆ ಊಟಕ್ಕೆ ಬಂದವನು ಅರ್ಧ ರೊಟ್ಟಿ ಬಿಟ್ಟು ಎದ್ದ. ಒಳಗಿನಿಂದ ಬೊಮ್ಮಕ್ಕ ಸೌಟು ಹಿಡಿದೇ ಬಂದರು.

“ಯಾಕಪ್ಪಾ, ರೊಟ್ಟಿ ಏನ್ ತಪ್ಪು ಮಾಡೈತೆ? ಕುಂದ್ರು, ಉಂಡು ಏಳು.”

ಪರಶುರಾಮ್ ಕುಳಿತ, ಉಂಡ, ಕೈ ತೊಳೆದು ಬಂದು ಕೈ ಮುಗಿದ. “ನಮ್ ಸಿನಿಮಾದ ತಾಯಿ ಇಲ್ಲೇ ಅದಾರೆ ಅಂತ ಅವತ್ತೇ ಗೊತ್ತಾತು. ಹಂಗೇ ಬೈಯ್ದ್ರೆ ಸಾಕು ಯವ್ವಾ ಅಂದೆ” ಎಂದು ನಗುತ್ತಾನೆ.

ಕಥೆ ಸರಳ. ಸಿಟ್ಟು ಮಾಡಿಕೊಂಡು ದೂರವಿದ್ದ ಮಗ ಬಹಳ ಕಾಲದ ಮೇಲೆ ಮನೆಗೆ ಬರುತ್ತಾನೆ. ತಾಯಿ ಊಟಕ್ಕೆ ಬಡಿಸುತ್ತಾಳೆ. ಮಾತಿಗೆ ಮಾತು ಬೆಳೆಯುತ್ತದೆ. ಮಗ ಅರ್ಧ ಉಂಡ ತಟ್ಟೆಗೆ ತಂಬಿಗೆಯ ನೀರು ಸುರಿದು ಎದ್ದು ಹೋಗುತ್ತಾನೆ, ತಾಯಿ ಬಾಗಿಲಲ್ಲಿ ನಿಂತು ನೋಡುತ್ತಾಳೆ. ಅಲ್ಲಿಗೆ ಸಿನಿಮಾ ಮುಗಿಯಬೇಕು. ಹೆಸರು ‘ಎದ್ದು ಹೋದವನು’. ಅನ್ನ ಇರುವ ತಟ್ಟೆಗೆ ನೀರು ಸುರಿಯುವುದೆಂದರೆ ಈ ಸೀಮೆಯಲ್ಲಿ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಈ ಮನೆಯ ಋಣ ತೀರಿತು ಎಂದಂತೆ. ಬೈಗುಳವನ್ನಾದರೂ ಮರೆತಾರು, ಅದನ್ನು ಮರೆಯುವುದಿಲ್ಲ.

ಮಗನ ಪಾತ್ರಕ್ಕೆ ಚನ್ನಗಿರಿಯ ಸತೀಶ್ ಕುಮಾರ್ ಬಂದಿದ್ದ. ಅಡಿಕೆ ಮಂಡಿಯಲ್ಲಿ ತೂಕ ಹಾಕುವ ಕೆಲಸ ಅವನದು. ಬೆಳಿಗ್ಗೆ ಚನ್ನಗಿರಿ ಬಿಟ್ಟವನು ಏನೂ ತಿಂದಿರಲಿಲ್ಲ. ದೃಶ್ಯದಲ್ಲಿ ಹೇಗೂ ಊಟ ಇದೆಯಲ್ಲ ಎಂದುಕೊಂಡಿದ್ದ. ಖಾನಾವಳಿಯ ಹಿಂದಿನ ಕೋಣೆಯನ್ನೇ ಮನೆ ಮಾಡಿ, ಫೋನನ್ನು ಕಂಬಿಗೆ ಕಟ್ಟಿ, ಶೂಟಿಂಗ್ ಶುರುವಾಯಿತು. ಮಾತೆಲ್ಲ ಸರಿಯಾಗಿಯೇ ಬಂತು. ಮಗ ತಂಬಿಗೆಗೆ ಕೈ ಹಾಕಿದ.

ಬೊಮ್ಮಕ್ಕ ತಂಬಿಗೆ ಕಿತ್ತುಕೊಂಡರು. ಅದನ್ನು ತಮ್ಮ ಬೆನ್ನ ಹಿಂದೆ ಇಟ್ಟುಕೊಂಡು, ಏಳಹೊರಟವನ ಹೆಗಲು ಹಿಡಿದು ಅಮುಕಿ ಕೂರಿಸಿದರು. “ಬೈಯ್ಯಿ, ಎಷ್ಟಾರ ಬೈಯ್ಯಿ. ಉಂಡು ಬೈಯ್ಯಿ” ಎಂದು ಎರಡನೇ ರೊಟ್ಟಿ ತಟ್ಟೆಗೆ ಹಾಕಿದರು. ಕಥೆಯಲ್ಲಿ ಇಲ್ಲದ ಮಾತು, ಕಥೆಯಲ್ಲಿ ಇಲ್ಲದ ರೊಟ್ಟಿ. ಸತೀಶ್ ಕುಮಾರ್ ಒಮ್ಮೆ ಪರಶುರಾಮ್ ಕಡೆ, ಒಮ್ಮೆ ರೊಟ್ಟಿಯ ಕಡೆ ನೋಡಿದ. “ಸಿಟ್ಟಿನ ಪಾರ್ಟು ಸರ್ ನಂದು. ಆದ್ರೆ ಹೊಟ್ಟೆ ಹಸ್ದಿತ್ತು. ಆ ಯವ್ವ ಹಾಕಿದ ರೀತಿಗೆ ಸಿಟ್ಟು ಎಲ್ಲಿ ಬರ್ಬೇಕು?” ಎಂದು ಈಗಲೂ ತಲೆ ಕೆರೆದುಕೊಳ್ಳುತ್ತಾನೆ. ಅವನು ಉಂಡ. ಉಣ್ಣುತ್ತಾ ಅತ್ತ. ಪರಶುರಾಮ್ ಕಟ್ ಹೇಳುವುದನ್ನೇ ಮರೆತ.

ಆಮೇಲೆ ಎಲ್ಲರೂ ಸೇರಿ ಬೊಮ್ಮಕ್ಕನಿಗೆ ತಿಳಿಹೇಳಿದರು. ಇದು ಸಿನಿಮಾ, ಸುಳ್ಳು ಸುಳ್ಳೇ ಸುರಿಯುವುದು, ಆ ತಟ್ಟೆಯನ್ನು ಆಮೇಲೆ ದನಕ್ಕೆ ಹಾಕಿದರಾಯಿತು ಎಂದರು. ಬೊಮ್ಮಕ್ಕ ಹೂಂಗುಟ್ಟಿದರು. ಮತ್ತೆ ಶೂಟಿಂಗ್ ಮಾಡಿದರೆ ಮತ್ತೆ ತಂಬಿಗೆ ಕಿತ್ತುಕೊಂಡರು. ಇನ್ನೊಮ್ಮೆ ಮಾಡಿದರೂ ಅದೇ ಕಥೆ. “ಸುಳ್ಳಿಗೂ ಆಗಲ್ಲ ತಮ್ಮಾ. ಬ್ಯಾರೆ ಯಾರ್ನಾರ ಕರ್ಕಂಬಾ” ಎಂದು ಕಣ್ಣೊರೆಸಿಕೊಂಡು ಒಲೆಯ ಮುಂದೆ ಹೋಗಿ ಕುಳಿತುಬಿಟ್ಟರು. ಹೊತ್ತು ಮುಳುಗುತ್ತಿತ್ತು, ಸತೀಶ್‌ಗೆ ಮರುದಿನ ಮಂಡಿಯಲ್ಲಿ ರಜೆ ಇರಲಿಲ್ಲ. ಮೊದಲು ತೆಗೆದದ್ದನ್ನೇ ಇಟ್ಟುಕೊಂಡರು. ಪೋಸ್ಟರ್ ಆಗಲೇ ಎಲ್ಲ ಕಡೆ ಹಂಚಿಯಾಗಿತ್ತು, ಹೆಸರು ಬದಲಿಸಲೂ ಆಗಲಿಲ್ಲ.

ಹೀಗಾಗಿ ‘ಎದ್ದು ಹೋದವನು’ ಚಿತ್ರದಲ್ಲಿ ಯಾರೂ ಎದ್ದು ಹೋಗುವುದಿಲ್ಲ.

ಪ್ರೇಕ್ಷಕ ಮಹಾಪ್ರಭು ಇಂಥದ್ದನ್ನು ಬಿಡುತ್ತಾನೆಯೇ? “ಹೆಸರಿಗೂ ಕಥೆಗೂ ಸಂಬಂಧವೇ ಇಲ್ಲ, ಟೈಮ್ ವೇಸ್ಟ್” ಎಂದು ಒಬ್ಬರು ಬರೆದಿದ್ದಾರೆ. ಕೊನೆಯವರೆಗೆ ನೋಡದೆ ಅವರಿಗೆ ಅದು ಗೊತ್ತಾದದ್ದು ಹೇಗೋ! ಹೊನ್ನಾಳಿಯ ಉಪನ್ಯಾಸಕರೊಬ್ಬರು ಸಂಘರ್ಷಕ್ಕೆ ತಾರ್ಕಿಕ ಅಂತ್ಯ ಒದಗಿಸುವಲ್ಲಿ ನಿರ್ದೇಶಕರು ಸೋತಿದ್ದಾರೆ ಎಂದು ಪುಟಗಟ್ಟಲೆ ಬರೆದಿದ್ದಾರೆ. ವಿಜಯಶ್ರೀ ಅದನ್ನು ಓದಿ ಮುಗಿಸುವಷ್ಟರಲ್ಲಿ ಒಂದು ರೊಟ್ಟಿ ಸೀದಿತ್ತು. ಕ್ಯಾಮೆರಾ ಅಲ್ಲಾಡುತ್ತದೆ ಎನ್ನುವವರಿದ್ದಾರೆ, ಅಜ್ಜಿಯ ಸೀರೆ ಒಂದು ಕಡೆ ಹಸಿರು, ಇನ್ನೊಂದು ಕಡೆ ನೀಲಿ ಎಂದು ಪತ್ತೆ ಹಚ್ಚಿದವರಿದ್ದಾರೆ. ಇನ್ನೂ ಕೆಲವರು ಚಿತ್ರ ನೋಡಿ ತಾಯಿಗೆ ಫೋನ್ ಮಾಡಿದೆ ಎಂದಷ್ಟೇ ಬರೆದಿದ್ದಾರೆ. ಚನ್ನಗಿರಿಯ ಮಂಡಿಯ ಗೋದಾಮಿನಲ್ಲಿ ಸತೀಶ್ ಬಿಳಿ ಪಂಚೆಯನ್ನೇ ಪರದೆಯಾಗಿ ಕಟ್ಟಿ ಚಿತ್ರ ತೋರಿಸಿದಾಗ, ಮೂಟೆ ಹೊರುವ ಹಮಾಲಿಯೊಬ್ಬರು ಎದ್ದು ನಿಂತು ಕೇಳಿದ್ದು ಒಂದೇ ಮಾತು. “ಆ ಖಾನಾವಳಿ ಎಲ್ಲೈತ್ರಿ?”

“ಹುಡುಗ್ರು ಕಷ್ಟಪಟ್ಟು ಮಾಡಿದ್ದು. ನಾನು ಕೆಡಿಸ್ದೆ ಅನ್ನಿಸ್ತೈತೆ” ಎನ್ನುತ್ತಾರೆ ಬೊಮ್ಮಕ್ಕ. ಪರಶುರಾಮ್ ಮುಂದಿನ ಚಿತ್ರಕ್ಕೆ ಕರೆದರೂ ಒಪ್ಪಿಲ್ಲ. ಏಕೆ ಕೆಡಿಸಿದಿರಿ ಎಂದರೆ ಇನ್ನೊಂದು ಉಂಡೆಗೆ ಹಿಟ್ಟು ನಾದುತ್ತಾರೆ. ಆಮೇಲೆ ಹೇಳುತ್ತಾರೆ.

ತಾಯಿ ತೀರಿಕೊಂಡಾಗ ಓಬಳಪ್ಪ ಇನ್ನೂ ಅಂಬೆಗಾಲಿಡುತ್ತಿದ್ದ. ಅಕ್ಕನೇ ಸೊಂಟದಲ್ಲಿ ಹೊತ್ತು ಸಾಕಿದಳು. ದೊಡ್ಡವನಾಗಿ ನ್ಯಾಮತಿಯಲ್ಲಿ ಪಂಕ್ಚರ್ ಅಂಗಡಿ ಹಾಕಿದ, ಹೊನ್ನೂರಮ್ಮನನ್ನು ಮದುವೆಯಾದ. ಬೊಮ್ಮಕ್ಕನ ಗಂಡ ಜಂಪಣ್ಣ ತೀರಿಕೊಂಡ ಮೇಲೆ, ಅವರು ರೊಟ್ಟಿ ಬಡಿದು ಮಗಳು ದುರ್ಗಾಂಬಿಕಾಳನ್ನು ಓದಿಸಿದರು. ಒಳ್ಳೆಯ ಸಂಬಂಧ ಬಂತು. ಅವಸರದಲ್ಲಿ ಒಪ್ಪಿ ಎಲೆ ಅಡಿಕೆ ಕೊಟ್ಟುಬಿಟ್ಟರು. ಹುಡುಗಿಯ ಸೋದರಮಾವನಿಗೆ ಒಂದು ಮಾತು ಹೇಳಿರಲಿಲ್ಲ. ಸೋದರಮಾವ ಮುಂದೆ ಕೂರದೆ ಈ ಕಡೆ ಹೆಣ್ಣು ಗೊತ್ತು ಮಾಡುವುದುಂಟೇ? ಬೇರೆಯವರ ಬಾಯಲ್ಲಿ ಸುದ್ದಿ ಕೇಳಿ ಓಬಳಪ್ಪ ಬಂದ. ಅಕ್ಕ ಊಟಕ್ಕೆ ಬಡಿಸಿದಳು.

“ನಾನು ಸತ್ತಿದ್ನಾ ಅಕ್ಕ ಅಂದ. ತಪ್ಪಾತು ಅನ್ಬೇಕಿತ್ತು ನಾನು. ನನ್ ಮಗ್ಳು, ನನ್ ಇಷ್ಟ ಅಂದೆ. ತಟ್ಟೇಲಿ ನೀರು ಸುರ್ದು ಎದ್ದ ರೀ. ಕುಂದ್ರು ಅಂದಿದ್ರೆ ಕುಂದ್ರತಿದ್ದ. ಬಾಗ್ಲಾಗೆ ಚಪ್ಲಿ ಹಾಕ್ಕಂತಾ ನಿಂತಿದ್ದ, ನಿಧಾನಕ್ಕೆ. ನನಗೇ ಬಾಯಿ ಬರ್ಲಿಲ್ಲ.”

ಮದುವೆಗೆ ಅವನು ಬರಲಿಲ್ಲ. ವರ್ಷಗಳೇ ಕಳೆದವು. ಒಮ್ಮೆ ಬೊಮ್ಮಕ್ಕ ಧೈರ್ಯ ಮಾಡಿ ಬಸ್ಸು ಹತ್ತಿ ಹೊನ್ನಾಳಿ ದಾಟಿ ನ್ಯಾಮತಿಯವರೆಗೂ ಹೋದರು. ಅಂಗಡಿಯ ಮುಂದೆ ಓಬಳಪ್ಪ ಟೈರು ಬಿಚ್ಚುತ್ತಾ ಕೂತಿದ್ದು ಕಿಟಕಿಯಿಂದ ಕಂಡಿತು. ಇಳಿಯಲು ಕಾಲು ಬರಲಿಲ್ಲ, ಶಿವಮೊಗ್ಗದವರೆಗೆ ಹೋಗಿ ಹಾಗೇ ಹಿಂದಿರುಗಿದರು. ಆ ಹುಡುಗ ತಂಬಿಗೆಗೆ ಕೈ ಹಾಕಿದಾಗ ಅವರಿಗೆ ಸಿನಿಮಾ, ಫೋನು, ಪರಶುರಾಮ್ ಎಲ್ಲ ಮರೆತುಹೋದದ್ದು ಇದಕ್ಕೇ. “ಒಂದ್ಸಲ ಬಿಟ್ಟಿದ್ದೆ. ಇನ್ನೊಂದ್ಸಲ ಹೆಂಗೆ ಬಿಡ್ಲಿ?”

ವಿಜಯಶ್ರೀ ಚಿತ್ರವನ್ನು ಹೊನ್ನೂರಮ್ಮನ ಫೋನಿಗೆ ಕಳಿಸಿದರು. ಎರಡು ನೀಲಿ ಗೀಟು ಬಿದ್ದವು. ನೋಡಿದ್ದಾರೆ ಎಂದರ್ಥ. ಆಚೆಯಿಂದ ಉತ್ತರ ಮಾತ್ರ ಇಲ್ಲ. ಅಡುಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು ಎನ್ನುತ್ತದೆ ಗಾದೆ. ಬಡಿಸಿ ಕಾಯುವವಳ ಪಾಡಿನ ಬಗ್ಗೆ ಅದು ಏನೂ ಹೇಳುವುದಿಲ್ಲ.

ಇಷ್ಟು ಬರೆದು ಮುಗಿಸುವ ಹೊತ್ತಿಗೆ ಖಾನಾವಳಿಯಿಂದ ಫೋನು ಬರುತ್ತದೆ. “ಬರಿಯೋದು ನಿಲ್ಸ್ರಿ, ಬೊಮ್ಮಕ್ಕ ಇನ್ನೂ ಹೇಳೋದೈತಂತೆ” ಎನ್ನುತ್ತಾರೆ ವಿಜಯಶ್ರೀ, ನಗುತ್ತಲೋ ಅಳುತ್ತಲೋ ತಿಳಿಯದ ದನಿಯಲ್ಲಿ.

ಹೋದರೆ, ಬೊಮ್ಮಕ್ಕ ಅದೇ ಒಲೆ ಮುಂದೆ ಕೂತಿದ್ದಾರೆ. ಕೈ ನಿಂತಿಲ್ಲ, ಮುಖ ಮಾತ್ರ ಬೇರೆಯಾಗಿದೆ. ಭಾನುವಾರ ಮಧ್ಯಾಹ್ನ ಖಾನಾವಳಿ ತುಂಬಿತ್ತಂತೆ. ಬಡಿಸುತ್ತಿದ್ದ ನಿರ್ಮಲಮ್ಮ ಒಳಗೆ ಬಂದು, ಗೋಡೆ ಕಡೆಯ ಟೇಬಲ್ಲಿನವರಿಗೆ ಅಂಚು ಸೀದ ರೊಟ್ಟಿಯೇ ಬೇಕಂತೆ, ಎಂಥಾ ಗಿರಾಕಿಗಳಪ್ಪಾ ಎಂದು ಗೊಣಗಿದರಂತೆ.

“ನಮ್ಮ ಓಬ ಸಣ್ಣೋನಿದ್ದಾಗ ಅಂಚು ಸೀದಿದ್ರೇನೇ ತಿಂತಿದ್ದದ್ದು. ಕರುಂ ಕರುಂ ಅನ್ಬೇಕು ಅವ್ನಿಗೆ. ಬೇಕಂತ್ಲೇ ಒಂದು ರೊಟ್ಟಿ ಸೀಯಿಸ್ದೆ. ಕೈ ಹಿಟ್ಟೂ ತೊಳೀಲಿಲ್ಲ, ನಾನೇ ತಗಂಡು ಹೋದೆ.”

ಗೋಡೆ ಕಡೆಯ ಟೇಬಲ್ಲಿನಲ್ಲಿ ಕೂದಲು ನೆರೆತ ಓಬಳಪ್ಪ ತಲೆ ತಗ್ಗಿಸಿ ಕೂತಿದ್ದ. ಅವನ ಕೈಯಳತೆಯಲ್ಲೇ ನೀರಿನ ಸ್ಟೀಲ್ ಜಗ್ ಇತ್ತು. ಬೊಮ್ಮಕ್ಕನ ಕಣ್ಣು ಮೊದಲು ಹೋದದ್ದು ಅದರ ಮೇಲೆ. ಓಬಳಪ್ಪ ಅದನ್ನು ಗಮನಿಸಿದ. ಜಗ್ಗನ್ನು ಟೇಬಲ್ಲಿನ ಆ ತುದಿಗೆ ಸರಿಸಿದ, ತಟ್ಟೆಯನ್ನು ಅಕ್ಕನ ಕಡೆ ಮುಂದೆ ಮಾಡಿದ.

“ತಪ್ಪಾತು ಓಬಾ ಅಂದೆ. ಅವತ್ತು ಅನ್ಬೇಕಾಗಿದ್ದು. ‘ಹಾಕು, ಆರೋಗ್ತೈತೆ’ ಅಂದ.”

ಸಿನಿಮಾ ಬಗ್ಗೆ ಏನಂದರು ಎಂದು ಕೇಳಿದರೆ ಬೊಮ್ಮಕ್ಕ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. ಹಣೆಗೆ ಹಿಟ್ಟು ಮೆತ್ತುತ್ತದೆ. ಎಷ್ಟೋ ಬೆಳಗು ಮುಳ್ಳಿನಂತೆ ಚುಚ್ಚಿದ ಮಾತನ್ನೇ ಈಗ ಹೆಮ್ಮೆಯಿಂದ ಹೇಳುತ್ತಾರೆ.

“‘ನಿನಗೆ ಆ್ಯಕ್ಟಿಂಗ್ ಬರಲ್ಲ ಬಿಡಕ್ಕ’ ಅಂದ ರೀ. ಬಾಯ್ತುಂಬ ರೊಟ್ಟಿ ಇಟ್ಕಂಡು ಅಂದ.”